ಗಟ್ಟಿ ಕಮ್ಯುನಿಕೇಶನ್ಸ್, ತೊಕ್ಕೊಟ್ಟು

ಸಮೀಕ್ಷೆಯ ಹುಡುಗಿ ಬಂದಿದ್ದಳು ನಿನ್ನೆ,
ಕೈಯಲ್ಲಿ ಟ್ಯಾಬ್, ಚಪ್ಪಲಿಗೆ ಹೈವೇಯ ಧೂಳು.
ಉದ್ಯಮದ ಹೆಸರು?
ಬೋರ್ಡು ತೋರಿಸಿದೆ.
ಕಮ್ಯುನಿಕೇಶನ್ ಎಂತ ಉಂಟು ಈಗ?
ಜೆರಾಕ್ಸ್ ಉಂಟು, ಲ್ಯಾಮಿನೇಶನ್ ಉಂಟು,
ಪಾಸ್‌ಪೋರ್ಟ್ ಫೋಟೊಕ್ಕೆ ಒಂದು ಬಿಳಿ ಪರದೆ.
ಬೋರ್ಡು ಬದಲಿಸಲು ಸುಮ್ಮನೆ ದುಡ್ಡು ಯಾಕೆ?

ಗಟ್ಟಿ ಅಂದರೆ ನಮ್ಮ ಕುಲದ ಹೆಸರು.
ಗಟ್ಟಿಯಾಗಿ ಮಾತಾಡುವ ಜಾಗ ಅಂತಲೇ
ತುಂಬ ಜನ ತಿಳಿದಿದ್ದರು ಆಗ.
ತಪ್ಪೂ ಅಲ್ಲ.
ಕಡಲು ದಾಟಬೇಕಲ್ಲ ಸ್ವರ.

ಗಾಜಿನ ಗೂಡು ಇನ್ನೂ ಉಂಟು, ಒಳಗೆ ಕಾಗದದ ಕಟ್ಟು.
ಬಾಗಿಲ ನೆತ್ತಿಯ ಮೀಟರಿನಲ್ಲಿ
ಕೆಂಪು ಅಂಕಿ ಓಡುತ್ತಿದ್ದ ಕಾಲಕ್ಕೆ
ಶುಕ್ರವಾರ ಜುಮ್ಮಾ ಕಳೆದದ್ದೇ
ಸಾಲು ರಸ್ತೆಗೆ ಇಳಿಯುತ್ತಿತ್ತು.
ಜುಬೈಲ್, ದಮ್ಮಾಮ್, ಮಸ್ಕತ್.
ನಿಮಿಷಕ್ಕೆ ಅರವತ್ತೆರಡು.
ಎರಡು ಸಾವಿರ ಬೀಡಿ ಕಟ್ಟಿದರೆ
ಒಂದು ನಿಮಿಷ ಗಂಡ.

ನೆಬಿಸಾ ಬರುವಳು, ಬೀಡಿ ಬ್ರಾಂಚಿನ ಚೀಟಿಯ ಹಿಂದೆ
ಹೇಳುವುದನ್ನೆಲ್ಲ ಬರೆಸಿಕೊಂಡು:
ಬಾವಿಗೆ ಕಟ್ಟೆ ಆಯಿತು. ಮಗುವಿಗೆ ಹಲ್ಲು ಬಂತು.
ಡ್ರಾಫ್ಟು ಸಿಕ್ಕಿತು.
ಒಂದು ಶುಕ್ರವಾರ ಚೀಟಿ ಬಿಡಿಸಲೇ ಇಲ್ಲ.
ರಿಸೀವರು ಹಿಡಿದು ಅತ್ತಳು, ನಲವತ್ತು ಸೆಕೆಂಡು.
ನಾನು ನಿಮಿಷ ಅಂತಲೇ ಹಿಡಿದೆ.
ಬೂತಿನ ವಾಡಿಕೆ ಹಾಗೆ.
ಆ ಅರವತ್ತೆರಡು ರೂಪಾಯಿ
ಆ ವರ್ಷದ ದೇಶದ ಲೆಕ್ಕದಲ್ಲಿ
ಎಲ್ಲಾದರೂ ಕೂತಿರಬೇಕು, ಬೆಳವಣಿಗೆ ಅಂತ.

ಅವಳ ಮಗಳು ಸಫೂರಾ, ಹಲ್ಲು ಬಂದವಳು,
ಈಗ ಎದುರುಗಡೆ ಪತ್ತಿರಿ ಸುಡುತ್ತಾಳೆ.
ಹಿಟ್ಟಿನ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ
ಮಸ್ಕತ್ತಿನ ಒಂದು ಕೋಣೆ,
ಅದರ ಸೀಲಿಂಗ್ ಫ್ಯಾನು.
ಅವನು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾನೆ.
ಎರಡೆರಡು ಗಂಟೆ ಯಾರೂ ಮಾತಾಡುವುದಿಲ್ಲ.
ಒಮ್ಮೊಮ್ಮೆ ಅವಳು ಫ್ಯಾನಿಗೆ ಹೇಳುತ್ತಾಳೆ:
ಹಿಟ್ಟು ಇವತ್ತು ತೆಳುವಾಯಿತು ಮಾರಾಯ್ರೆ.

ಹಳೆಯ ದರದಲ್ಲಿ ಏಳು ಸಾವಿರದ ನಾನ್ನೂರ ನಲವತ್ತು.
ಬೇಡ ಬೇಡ ಅಂದರೂ ತಲೆ ಗುಣಿಸುತ್ತದೆ.
ಯಾರೂ ಕೊಡುವುದಿಲ್ಲ, ಯಾರಿಗೂ ಬರುವುದಿಲ್ಲ.
ಇದನ್ನು ಎಲ್ಲಿ ಬರೆಯುತ್ತೀ ಅಂದೆ ಹುಡುಗಿಗೆ.
ಕಾಲಂ ಇಲ್ಲ ಸರ್ ಅಂದಳು, ನಾಚಿಕೊಂಡು,
ತಪ್ಪು ತನ್ನದೇ ಎಂಬ ಹಾಗೆ.

ನಿಮ್ಮ ಆದಾಯ ಹೆಚ್ಚಿದೆಯೆ, ಇಳಿದಿದೆಯೆ, ಹಾಗೇ ಇದೆಯೆ?
ಮೂರರಲ್ಲಿ ಒಂದು ಒತ್ತಬೇಕಂತೆ.
ಇಳಿದಿದೆ ಅಂದೆ. ಒತ್ತಿದಳು.
ಅದು ಸುಳ್ಳಲ್ಲ.
ಎದುರಿನ ಫ್ಯಾನು ತಿರುಗುತ್ತಿದ್ದದ್ದೂ ಸುಳ್ಳಲ್ಲ.

ಕಳಿಸಲು ಅವಳಿಗೆ ನೆಟ್‌ವರ್ಕ್ ಸಿಗಲಿಲ್ಲ.
ಅಂಗಡಿಯ ವೈಫೈ ಕೊಟ್ಟೆ.
ಎಷ್ಟು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಟ್ಯಾಬಿನಲ್ಲಿ ಚಕ್ರ ಸುತ್ತುತ್ತಾ ಇತ್ತು.
ಅಷ್ಟು ಹೊತ್ತೂ ನಾನು, ಹಳೆಯ ರೂಢಿ,
ಮೀಟರಿನ ಕಡೆಗೇ ನೋಡುತ್ತಿದ್ದೆ.
ಅಲ್ಲಿ ಒಂದು ಹಲ್ಲಿ.