ಮೂವತ್ತು ಸೆಕೆಂಡಿನ ರೊಟ್ಟಿ

ಸಂಗನಬಸು ಅಂದ: ಅತ್ತಿ, ಜಗತ್ತೆಲ್ಲ ಫೋನಿನ್ಯಾಗ ಐತಿ,
ನಿನ್ನ ರೊಟ್ಟಿ ಮಾತ್ರ ಬುಟ್ಟ್ಯಾಗ.
ಆತಪ್ಪ, ಇಡು ಅಂದೆ.
ಅವ ಮೊದಲ ಇಟ್ಟಿದ್ದು ನನ್ನ ಮಾರಿ,
ಸುಣ್ಣ ಬಳದಂಗ ಬೆಳ್ಳಗ.
ಮಾರಿ ಹೋಗಲಿ,
ರೊಟ್ಟೀಗೂ ಸುಣ್ಣ ಬಳದಿದ್ದ.
ಮೈದಾದ್ದೇನ್ರಿ ಅಂತ ಯಾರೋ ಕೇಳಿದರು.
ಬಿಳಿಜೋಳ ಅಂದರ ಬಿಳಿ ಅಲ್ಲೋ ಹುಚ್ಚಪ್ಪ,
ಕಾಸಿದ ಹಾಲಿನ ಕೆನಿ ಬಣ್ಣ,
ಅದರ ಮ್ಯಾಲೆ ಹಂಚು ಇಟ್ಟ ಕಂದು ಚುಕ್ಕಿ.
ಆ ಚುಕ್ಕಿ ನೋಡೇ ನಮ್ಮ ಮಂದಿ
ಇದು ಕೈಯಾಗಿನ ರೊಟ್ಟಿ ಅಂತ ಗುರುತು ಹಿಡಿಯೂದು.

"ನಮಸ್ಕಾರ ಬಂಧುಗಳೇ, ನಮ್ಮ ಸಂಸ್ಥೆಯ ವತಿಯಿಂದ..."
ಯಾವ ಸಂಸ್ಥೆ? ನಾ, ದುಂಡವ್ವ, ಮತ್ತ ಒಂದು ಒಲಿ.
ಹದಿನೇಳು ಸೆಕೆಂಡು ಅವನ ಭಾಷಣ,
ಊಟಕ್ಕ ಕರದು ಹೊಸ್ತಿಲದಾಗ ನಿಂದ್ರಿಸಿ
ಲಗ್ನಪತ್ರಿಕಿ ಓದಿದಂಗ.
ರೊಟ್ಟಿ ಬರೂದರಾಗ ಮಂದಿ
ಬ್ಯಾರೆ ಮನಿ ಪಂಕ್ತಿಗೆ ಕುಂತಿದ್ದರು.

ಮುಂದಿಂದಕ್ಕ ಹಾಡು ಹಾಕಿದ.
ಡೋಲು ಏನು, ಚಪ್ಪಾಳಿ ಏನು,
ಯಾರದೋ ಲಗ್ನದಾಗ ಯಾರೋ ಕುಣಿಯೂದು.
ಆ ಗದ್ದಲದ ಕೆಳಗ
ನನ್ನ ಕೈ ಬಡೀತಿತ್ತು ಪಾಪ,
ಮೂಕಿ ಹಾಂಗ.

ಹತ್ತು ಮಂದಿಗೆ ಪುಕ್ಕಟ ಅಂದ ಮ್ಯಾಲಂತೂ ಕೇಳಬ್ಯಾಡ್ರಿ,
ಎರಡು ಸಾವಿರ ಮಂದಿ ಬೆನ್ನು ಹತ್ತಿದರು.
ಗೆದ್ದವರಾಗ ಒಬ್ಬಾಕಿ ಪಾಟ್ನಾದಾಕಿ,
ಜೋಳ ಅಂದರ ಏನಂತ ಆಕಿಗೆ ಬರದು ತಿಳಿಸಬೇಕಾತು.
ಕೊರಿಯರಿಗೆ ಮುನ್ನೂರಾ ನಲವತ್ತು.
ರೊಟ್ಟಿ ಕಳಿಸಿದ್ವಿ, ನುಚ್ಚು ಮುಟ್ಟಿತು.

ಡೋಣಿ ಬೆಳೆದರ ಓಣಿಯೆಲ್ಲ ಜೋಳ ಅಂತಾರ ನಮ್ಮ ಕಡೆ.
ಇಲ್ಲಿ ಫೋನೆಲ್ಲ ಜೋಳ,
ಓಣ್ಯಾಗ ಒಂದು ನಾಯಿ ಸುಳೀಲಿಲ್ಲ.

ಒಂದಿನ ರಾತ್ರಿ ಚಾಳೀಸು ಹಾಕ್ಕೊಂಡು
ಕೆಳಗ ಮಂದಿ ಬರದದ್ದು ಓದಕೋತ ಕುಂತೆ.
ಬೆಂಕಿ, ಹೃದಯ, ಬೆಂಕಿ, ಕೈ ಮುಗದದ್ದು,
ಅದರ ನಡಕ ಒಂದು ಸಾಲು, ಹತ್ತೊಂಬತ್ತು ದಿನದ್ದು:
"ಎಲ್ಲಿ ಸಿಗ್ತಾವ್ರಿ ಇವು? ಮಗನ ಲಗ್ನಕ್ಕ ಐನೂರು ಬೇಕಿತ್ತು."
ಹುಸೇನಬಿ.
ನಮ್ಮ ತಾಳಿಕೋಟಿ ಹುಸೇನಬಿ,
ಎರಡು ಓಣಿ ಆಚೆ, ಬಳಿ ಅಂಗಡಿ ಹುಸೇನಬಿ.
ನನ್ನ ಕೈಯಾಗಿನ ಬಳಿ ಆಕೀನೇ ಇಡಿಸಿದ್ದು,
ಸುಣ್ಣದ ಮಾರ್ಯಾಗ ನನ್ನ ಗುರುತು ಹತ್ತಿಲ್ಲ ಆಕಿಗೆ.
ಊರ ಹೆಸರು ಹಾಕಿಲ್ಲ, ನಂಬರ ಹಾಕಿಲ್ಲ,
ಕೇಳಿದವರಿಗೆ ಹ್ಞೂಂ ಅಂದಿಲ್ಲ.
ಆಕಿ ಮುದ್ದೇಬಿಹಾಳದಿಂದ ತರಿಸಿದ್ದಳಂತ.
ಆ ರಾತ್ರಿ ನಾ ಸಂಗನಬಸೂಗ ಬೈಲಿಲ್ಲ.
ಬೈಯಾಕ ನಾನರ ಏನು ಮಾಡಿದ್ದೆ?
ಲೈಕು ಎಣಿಸಿದ್ದೆ, ಅವನ ಹೆಗಲ ಮ್ಯಾಲಿಂದ ಬಗ್ಗಿ,
ದಿನಾ.

ಆಮ್ಯಾಲಿಂದು ಮಾಡಿದ್ದು ದುಂಡವ್ವನ ಮೊಮ್ಮಗಳು,
ಒಂಬತ್ತು ವರ್ಷದ್ದು, ಹಾಡು ಹಚ್ಚಾಕ ಬರೂದಿಲ್ಲ ಅದಕ್ಕ.
ಹಿಟ್ಟಿನ ಚೀಲಕ್ಕ ಫೋನು ಆನಿಸಿಟ್ಟು ಮರತಿತ್ತು.
ತಟ್ ತಟ್ ತಟ್, ಬಳಿ ಸದ್ದು,
ಒಲ್ಯಾಗ ತೊಗರಿಕಟ್ಟಿಗಿ ಚಿಟಿಚಿಟಿ,
ನಡಕ ನಾ ಗಿರಣಿ ಹುಡುಗಗ ಒದರಿದ್ದು:
"ಎಲ್ಲಿ ಹೊಂಟಿಯೋ ಖೋಡಿ,
ಗಿರಣಿ ಹಿಂದ, ಬೇವಿನ ಗಿಡದ ಬುಡಕ, ಹಸರು ಬಾಗಲಾ!"
ಕಡೀಕ ದುಂಡವ್ವ ಒಂದು ರೊಟ್ಟಿ ತಗೊಂಡು
ಒಣಗೈತಿಲ್ಲೋ ನೋಡಾಕ ಮುರದಳು.
ಕಟಕ್.

ಇನ್ನೂರಾ ಹನ್ನೆರಡೇ ಮಂದಿ ನೋಡ್ಯಾರ ಅತ್ತಿ, ಅಳಿಸಲೇನು
ಅಂತ ಸಂಗನಬಸು ಮಾರಿ ಸಣ್ಣ ಮಾಡಿದ.
ನಾ ಬಾಗಲ ಕಡೆ ನೋಡ್ತಿದ್ದೆ.
ಹೊಸ್ತಿಲ ಹೊರಗ
ನಾಕು ಜೋಡ ಚಪ್ಪಲಿ.
ಒಂದು ಹುಸೇನಬೀದು, ಉಂಗುಟ ಕಿತ್ತದ್ದು.
"ದನಿ ಕೇಳಿ ಬಂದೆ," ಅಂದಳು,
"ಹಿಂಗ ಒದರಾಕಿ ಈ ಊರಾಗ ನೀ ಒಬ್ಬಾಕಿ."
ಹತ್ತೇ ರೊಟ್ಟಿ ಒಯ್ದಳು.
ರೊಕ್ಕ ನಾಳೆ ಅಂದಳು.