ಕೈಗೆ ಗೊತ್ತಿರುವ ಜಾಗ

ಹರಾರೆಯಿಂದ ಬಸ್ಸಿನಲ್ಲಿ ಉತ್ತರಕ್ಕೆ ಮೂರು ತಾಸು,
ಆಮೇಲೆ ಕೆಂಪು ಧೂಳಿನಲ್ಲಿ ನಡಿಗೆ.
ಬಯಲ ತುಂಬ ಕಲ್ಲುಗಳು ನಿಂತಿವೆ,
ಯಾರೋ ಕರೆದರೆಂದು ಎದ್ದು, ಯಾಕೆಂದು ಮರೆತವರ ಹಾಗೆ.

ಶೊರಾಯಿ ಕೆತ್ತುತ್ತಾನೆ. ನಾನು ಉಜ್ಜುತ್ತೇನೆ.
ಮೊದಲು ಒರಟು ಉಪ್ಪುಕಾಗದ, ಆಮೇಲೆ ನುಣ್ಣನೆಯದು,
ಆಮೇಲೆ ಇದೆಯೋ ಇಲ್ಲವೋ ಎನಿಸುವಂಥದು.
ಗುರುತಿನ ಚೀಟಿಗೆ ಹೆಬ್ಬೆಟ್ಟು ಒತ್ತಲು ಹೋದರೆ
"ಗೆರೆಯೇ ಇಲ್ಲವಲ್ಲ, ಲೊಕಾಡಿಯಾ" ಎಂದ ಗುಮಾಸ್ತ.
ಎಲ್ಲಿ ಹೋದವೆಂದು ನನಗೆ ಗೊತ್ತು.

ಈ ಒಂದು ಕಲ್ಲು ಮುಸಾಸ ಮರದ ಕಾಯಿಯಂತೆ ತಿರುಚಿಕೊಂಡಿತ್ತು,
ಬಿಸಿಲಿಗೆ ಟಪ್ಪೆಂದು ಸಿಡಿಯುವ ಮುಂಚಿನ ಗಳಿಗೆ.
ಇಲ್ಲ, ಕಾಯಿಯಲ್ಲ. ಮಲಗಿದ ಹಸುವಿನ ಕಿವಿ.
"ಏಳು ತಿಂಗಳ ಬಸುರಿಯ ಸೊಂಟ" ಎಂದಳು ನಮ್ಮತ್ತೆ,
ಅದಕ್ಕೇ ಒರಗಿ ಕೂತು ನೆಲಗಡಲೆ ಸುಲಿದಳು.
ಕೋಳಿಯೊಂದು ಟೊಳ್ಳಿನಲ್ಲಿ ಮೊಟ್ಟೆಯಿಟ್ಟಿತು.
ಕೊಳ್ಳಲು ಬಂದ ಮುದುಕ ಕೇಳಿದ: "ಏನಿದು?"
ಶೊರಾಯಿ ಕೋಳಿಯ ಕಡೆ ಕೈ ತೋರಿಸಿದ.

ನಾಲ್ಕು ಮಳೆಗಾಲ ಅದು ಮಾರಾಟವಾಗಲಿಲ್ಲ.

ಐದನೆಯದರ ಹೊಸ್ತಿಲಲ್ಲಿ ಲಾರಿ ಗೊತ್ತಾಯಿತು.
ಸುತ್ತ ಬೆಂಕಿ ಹಾಕಿ ಕಾಯಿಸಿದೆವು,
ಜೇನುಮೇಣ ಸವರಿದರೆ ಗಟಗಟ ಕುಡಿಯಿತು,
ಬೂದಿಬಣ್ಣ ಒಳಕ್ಕೆ ಸರಿದು
ಕಪ್ಪು ಮೇಲೆದ್ದು ಬಂತು, ಹೊಳೆಯಿಂದೆದ್ದ ನೀರಾನೆಯ ಬೆನ್ನು.

ಟೊಳ್ಳಿನ ತೀರ ಒಳಗೆ, ಮೊಣಕೈ ಮುಳುಗಿದ ಮೇಲೆ,
ಎಡಕ್ಕೆ ಹೊರಳುವ ಸಂದಿನಲ್ಲಿ
ಅಂಗೈಯಗಲ ಉಜ್ಜದೆ ಬಿಟ್ಟೆ.
ಸೋಮಾರಿತನ ಎಂದರೆ ಎನ್ನಲಿ.
ಗುಡ್ಡದಿಂದ ಬಂದಾಗಿನ ತೊಗಲು ಅಲ್ಲಿದೆ,
ಕೆಂಪಗೆ, ತರಿತರಿಯಾಗಿ.
ಶೊರಾಯಿಗೂ ಹೇಳಿಲ್ಲ.

ಪೆಟ್ಟಿಗೆ ಹೊರಟಿತು. ಹುಲ್ಲಿನಲ್ಲಿ ಉಳಿದದ್ದು
ಬಿಳಿಚಿದ ಗುರುತು, ಗಾಬರಿಬಿದ್ದ ಗೆದ್ದಲು,
ಮೂರು ದಿನ ಅಲ್ಲೇ ಸುತ್ತಿದ ಕೋಳಿ.

ಈಗ ಶೊರಾಯಿಯ ಫೋನಿಗೆ ಒಂದು ಫೋಟೊ ಬಂದಿದೆ.
ಯಾವುದೋ ಊರಿನ ಪಾರ್ಕು, ಎಲೆಯಿಲ್ಲದ ಮರಗಳು,
ಕಲ್ಲಿನ ನೆತ್ತಿಯ ಮೇಲೆ ಹಿಮ.
ಪಕ್ಕದ ಫಲಕದಲ್ಲಿ ಅದಕ್ಕೊಂದು ಹೆಸರು
(ನಾವು ಯಾರೂ ಇಟ್ಟದ್ದಲ್ಲ), ಅವನ ಹೆಸರು, ಇಸವಿ.
ಅವನು ಫಲಕವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾನೆ.

ನಾನು ನೋಡುವುದು ಅಂಚಿನಲ್ಲಿರುವ ಹಳದಿ ಕೋಟಿನ ಹುಡುಗಿಯನ್ನು.
ಒಂದು ಕೈಗವಸು ಹಿಮದ ಮೇಲೆ ಬಿದ್ದಿದೆ,
ಆ ಕೈ ಭುಜದ ತನಕ ಒಳಗೆ,
ಕೆನ್ನೆ ಕಲ್ಲಿಗೆ ಒತ್ತಿದೆ, ಬಾಯಿ ಚೂರು ತೆರೆದಿದೆ.

ಇನ್ನೂ ಸ್ವಲ್ಪ ಎಡಕ್ಕೆ, ಮಗಳೇ.