ತೂತಿನ ನಾಣ್ಯ

ಇಪ್ಪತ್ತೈದು ಓರೆಯ ನಾಣ್ಯ, ನಡುವೆ ತೂತು.
ಚಲಾವಣೆ ನಿಂತು ಎಷ್ಟೋ ವರ್ಷ;
ಬಂದರಿನ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣವೂ ಬಾರದು ಅದಕ್ಕೆ.
ಹೆಸರಿಗೆ ಓರೆ. ಈಗ ಅದರ ಕೆಲಸ
ಒರೆಗೆ ಹಚ್ಚುವುದು.

ವಾಗಾರ್ ದ್ವೀಪದ ಹ್ಯಾಂಗರಿನಲ್ಲಿ ಬೆಳಗಿನ ಐದೂವರೆ.
ಏಣಿಯ ಮೇಲೆ ರನ್ವಾ, ಕಿವಿಗವಸು ಕತ್ತಿಗಿಳಿಸಿ
ಅಂಗೈಯಲ್ಲಿ ಅಲಗಿನ ಬೆನ್ನು ಸವರುತ್ತಾಳೆ.
ರಾತ್ರಿ ತೊಳೆದದ್ದೇ, ಆದರೂ ಚಿಟಿಕೆ ಉಪ್ಪು.
ಇಲ್ಲಿ ಕಡಲು ಎಲ್ಲವನ್ನೂ ಒಮ್ಮೆ ನೆಕ್ಕಿಯೇ ಕಳಿಸುತ್ತದೆ.

ಮೊದಲು ಕಣ್ಣಿನ ಕೆಲಸ.
ಟಾರ್ಚು ವಾಲಿಸಿ ಹಿಡಿದರೆ ಕೂದಲೆಳೆಯ ಗೀರಿಗೂ ನೆರಳು ಬರುತ್ತದೆ.
ಮುಂದಿನ ಅಂಚಿನ ಲೋಹದ ಪಟ್ಟಿ ಎದ್ದಿಲ್ಲ ತಾನೇ,
ಬೋಲ್ಟಿನ ಮೇಲೆಳೆದ ಕೆಂಪು ಗೆರೆ ಕದಲಿಲ್ಲ ತಾನೇ,
ತುದಿಯಲ್ಲಿ ಸಿಡಿಲು ಮುತ್ತಿಟ್ಟ ಕರಿಚುಕ್ಕೆ
ಇಲ್ಲ ತಾನೇ.
ಆಮೇಲೆ ಕಿವಿ.

ಟಿಣ್.
ಬೆರಳಗಲ ಸರಿದು, ಟಿಣ್.
ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ,
ಸಂತೆಯಲ್ಲಿ ಮಡಕೆ ಕೊಳ್ಳುವವಳು ತಟ್ಟಿದ ಹಾಗೆ;
ಈ ಮಡಕೆ ಮಾತ್ರ ಆರು ಮೀಟರ್ ಉದ್ದ,
ಇಂಥವು ನಾಲ್ಕು.

ನಾಣ್ಯ ಹೋಗ್ನಿಯದು. ಮೂವತ್ತೊಂದು ವರ್ಷ ತಟ್ಟಿದವನು.
ಊಟದ ಕೋಣೆಯಲ್ಲಿ ಕೆಟಲ್ ಕೂಗುತ್ತಿರುವುದು
ತನ್ನೊಬ್ಬನಿಗೇ ಕೇಳುತ್ತಿಲ್ಲವೆಂದು ಗೊತ್ತಾದ ಮಧ್ಯಾಹ್ನ
ಅದನ್ನು ಅವಳ ಕಾಫಿ ತಟ್ಟೆಯಲ್ಲಿಟ್ಟು ಹೊರಟುಹೋದ.
ಏನೂ ಹೇಳಲಿಲ್ಲ.
ಹೇಳಿದ್ದರೆ ಕೂಗಿಯೇ ಹೇಳಬೇಕಿತ್ತು.

ಮೂರನೆಯ ಅಲಗು.
ಟಿಣ್. ಟಿಣ್. ಟಪ್.

ಹೀಟರು ಆರಿಸು ಎಂದಳು ಹುಡುಗ ಟ್ರೋಂದುರ್‌ಗೆ.
ತಗಡಿನ ಮಾಡಿನ ಮೇಲೆ ಗಾಳಿ; ಅದನ್ನು ಆರಿಸಲಾಗದು.
ಉಸಿರು ಹಿಡಿದು, ಮತ್ತೆ:
ಟಪ್.

ಒಳಗೆ ಜೇನುಹುಟ್ಟಿನಂಥ ತಿರುಳು, ಮೇಲೆ ಗಾಜಿನೆಳೆಯ ತೊಗಲು.
ಎಲ್ಲೋ ಎರಡೂ ಬಿಟ್ಟುಕೊಂಡಿವೆ,
ಒಂದೇ ಕಂಬಳಿಯಡಿ ಬೆನ್ನು ತಿರುಗಿಸಿ ಮಲಗಿದವರ ಹಾಗೆ,
ಹೊರಗಿನಿಂದ ಸಂಸಾರ ನಯವಾಗಿದೆ.

ಸದ್ದು ಮಂದವಾದಲ್ಲೆಲ್ಲ ಹಳದಿ ಪೆನ್ಸಿಲ್ಲಿನ ಚುಕ್ಕೆ.
ಚುಕ್ಕೆಗಳನ್ನು ಕೂಡಿಸಿದಾಗ ಕಂಡದ್ದು
ಹಸುಗೂಸಿನ ಪಾದದಷ್ಟು ಜಾಗ.
ಕೈಪಿಡಿ ಬಿಚ್ಚಿದಳು. ಇಂತಿಷ್ಟರವರೆಗೆ ಕ್ಷಮೆಯುಂಟು.
ಅಳೆದಳು. ಟ್ರೋಂದುರ್‌ನಿಂದಲೂ ಅಳೆಸಿದಳು.
ಮೂರು ಮಿಲಿಮೀಟರ್ ಹೆಚ್ಚು:
ಒಂದು ಅಕ್ಕಿಕಾಳಿನ ಅಡ್ಡಗಲ.

ಹೊರಗೆ, ಹದಿನಾರು ದಿನ ಮಂಜು ಕವಿದ ಮೇಲೆ,
ತೊಳೆದಿಟ್ಟ ಬಟ್ಟಲಿನಂಥ ಆಕಾಶ.
ಕಾಯುವ ಕೋಣೆಯಲ್ಲಿ ಹಲ್ಲಿನ ಡಾಕ್ಟರು, ಟಪಾಲು ಚೀಲ,
ತೊಡೆಯ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡ ಮಾಲನ್;
ಸ್ವೀನೊಯ್‌ನಲ್ಲಿ ಅವಳ ಅಕ್ಕನಿಗೆ ಇವತ್ತು ಎಂಬತ್ತು.

ಪೈಲಟ್ಟು ಗಡಿಯಾರ ನೋಡಿದ, ಇವಳ ಮುಖ ನೋಡಿದ.
"ನಿನ್ನೆ ಹಾರಿತಲ್ಲ?"
"ಹೌದು. ನಿನ್ನೆ ಹಾರಿತು."
ಅಷ್ಟಂದ ಮೇಲೆ
ಇಬ್ಬರೂ ಸ್ವಲ್ಪ ಹೊತ್ತು ಆ ಅಲಗಿನ ಕೆಳಗೇ ನಿಂತರು.

ಲಾಗ್ ಪುಸ್ತಕ, ಕೆಂಪು ಶಾಯಿ, ಸಹಿ.
ಹೊಸ ಅಲಗು ಹಡಗಿನಲ್ಲಿ ಬರಬೇಕು; ಒಂಬತ್ತು ದಿನ.
ಮಾಲನ್ ಗಾಜಿನಾಚೆಯ ಬಿಸಿಲನ್ನೊಮ್ಮೆ ನೋಡಿದಳು, ಇವಳನ್ನೊಮ್ಮೆ,
ದೋಣಿ ಎಷ್ಟು ಗಂಟೆಗೆ ಎಂದಷ್ಟೇ ಕೇಳಿ
ಡಬ್ಬಿಯ ದಾರವನ್ನು ಮತ್ತೆ ಬಿಗಿದಳು.

ಸಂಜೆ ಮನೆಯಲ್ಲಿ, ತಮ್ಮ
ಒಲೆಯಿಂದ ರೈ ಬ್ರೆಡ್ಡು ತೆಗೆದು ಬೋರಲು ಹಾಕಿದ.
"ಬೆಂದಿದೆಯಾ ನೋಡೇ."
ಬೆರಳಗೆಣ್ಣಿನಿಂದ ತಟ್ಟಿದಳು.

ಟಪ್.
ಟೊಳ್ಳು.

ಕೈ ತನ್ನಷ್ಟಕ್ಕೆ ಜೇಬಿನಲ್ಲಿ ಹಳದಿ ಪೆನ್ಸಿಲ್ ತಡಕಿತು.
ತಮ್ಮ ಕಾಯುತ್ತಿದ್ದ, ಬೆಣ್ಣೆ ಕರಗುತ್ತಿತ್ತು.
ಇನ್ನೊಮ್ಮೆ ತಟ್ಟಿದಳು, ಇನ್ನೊಂದು ಮೂಲೆಗೆ.

"ಬೆಂದಿದೆ," ಎಂದಳು ಕೊನೆಗೆ. "ಕೊಯ್ಯಿ."